ಸುಟ್ಟ ಕೋಟಿನ ಕೇಸು

ಮಾರ್ಚ್ 4, ಮಂಗಳವಾರ

ಇವತ್ತು ಇಬ್ಬರು ರಾಜಿಯಾದರು. ಅದಕ್ಕೆ ತಗುಲಿದ ಖರ್ಚು: ಸ್ಟುಡಿಯೋದ ಅರ್ಧ ದಿನ, ಗ್ಯಾಲರಿಯಲ್ಲಿ ಕೂರೋಕೆ ನಾನು ಕರೆತಂದ ನಲವತ್ತು ಜನರ ಕೂಲಿ, ಅವರ ಊಟ, ಮೇಕಪ್ಪಿನವಳ ಮುನಿಸು, ಜಡ್ಜಮ್ಮನ ಗಂಟಲಿಗೆ ಮೂರು ಫ್ಲಾಸ್ಕ್ ಬಿಸಿನೀರು. ಎಲ್ಲ ನೀರುಪಾಲು.

ಆದದ್ದಿಷ್ಟು. ಕಾಂಪೌಂಡ್ ಗೋಡೆ ವಿಚಾರಕ್ಕೆ ವರ್ಷಗಟ್ಟಲೆ ಮುಖ ನೋಡದ ನೆರೆಯವರು. ವಾದಿಗೊಂದು ಕಾರು, ಪ್ರತಿವಾದಿಗೊಂದು ಕಾರು — ನಮ್ಮ ಟಿವಿ ಕೋರ್ಟ್ ಶೋ ನಿಯಮ. ಒಂದು ಕಾರು ಕೆಟ್ಟು ನಿಂತಿತು. ಡ್ರೈವರ್ ಪುಣ್ಯಾತ್ಮ ಇಬ್ಬರನ್ನೂ ಒಂದರಲ್ಲೇ ತುಂಬಿಕೊಂಡು ಬಂದ. ದಾರಿಯಲ್ಲಿ ಟ್ರಾಫಿಕ್ಕು. ಇಳಿಯೋ ಹೊತ್ತಿಗೆ ಒಬ್ಬರ ಮಂಡಿನೋವಿಗೆ ಇನ್ನೊಬ್ಬರು ಡಾಕ್ಟರ ವಿಳಾಸ ಬರೆದುಕೊಡ್ತಿದ್ದರು. ಕೇಸು ಬೇಡವಂತೆ!

ಪ್ರೊಡಕ್ಷನ್ ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕೂತ. ಅವನಿಗೆ ಗಡಿಬಿಡಿ ಅಂತ ನಾವಿಟ್ಟ ಹೆಸರು. ಶುಕ್ರವಾರದೊಳಗೆ ಒಂದು ಜಗಳ ಬೇಕಂತೆ. ನಟರು ಬೇಡ. ಬಿಲ್ಲು, ರಸೀದಿ ಇರೋ ಅಸಲಿ ಜಗಳ. ಜಡ್ಜಮ್ಮ ನಿಜವಾದ ಕೋರ್ಟಿನಿಂದ ರಿಟೈರ್ ಆದವರು, ನಾಟಕವನ್ನ ಮೂಸಿಯೇ ಹಿಡೀತಾರೆ. ತಂದುಕೊಟ್ಟರೆ ಮುಂದಿನ ವರ್ಷವೂ ಗ್ಯಾಲರಿ ಗುತ್ತಿಗೆ ನನಗೇ. ಇಲ್ಲದಿದ್ದರೆ ಇನ್ನೊಂದು ಏಜೆನ್ಸಿ ಕಡಿಮೆ ದರ ಹಿಡಿದು ಬಾಗಿಲಲ್ಲೇ ನಿಂತಿದೆ.

ತರ್ತೀನಿ ಅಂದುಬಿಟ್ಟೆ. ಮನೆ ಮನೆ ಸುತ್ತಿ ಸೋಪು ಮಾರಿ ಮೇಲೆ ಬಂದವಳು. "ಇಲ್ಲ" ನನ್ನ ಬಾಯಿಗೆ ಬರೋದೇ ಇಲ್ಲ.

ಮಾರ್ಚ್ 5, ಬುಧವಾರ

ಊರೆಲ್ಲ ಫೋನ್ ಹಚ್ಚಿದೆ. ಜಗಳ ಇದೆ, ರಸೀದಿ ಇಲ್ಲ. ರಸೀದಿ ಇದೆ, ಟಿವಿಗೆ ಬರೋಕೆ ನಾಚಿಕೆ. ಕೊನೆಗೆ ಮನೆಯಲ್ಲೇ ಸಿಕ್ಕಿತು.

ನನ್ನ ತಮ್ಮ–ತಂಗಿಯ ಅಂಗಡಿ. ಒಂದೇ ಷಟರ್, ನಡುವೆ ಒಂದು ಪರದೆ. ಆಚೆ ತಂಗಿಯ ಹೊಲಿಗೆ, ಈಚೆ ತಮ್ಮನ ಇಸ್ತ್ರಿ. ಎರಡು ವರ್ಷದ ಹಿಂದೆ ಒಂದು ಹೋಟೆಲಿನವರು ವೇಟರ್ ಕೋಟು ಹೊಲಿಸಿದರು. ಸ್ಯಾಂಪಲ್. ಹಿಡಿಸಿದರೆ ವರ್ಷಪೂರ್ತಿ ಯೂನಿಫಾರಂ ಕೆಲಸ. ತಮ್ಮ ಅದರ ಬೆನ್ನಿನ ಮೇಲೇ ಇಸ್ತ್ರಿ ಪೆಟ್ಟಿಗೆ ಇಟ್ಟು ಫೋನಿನಲ್ಲಿ ಹರಟಿದ. ತಂಗಿ ಕೈಯಿಂದ ದುಡ್ಡು ಹಾಕಿ ಬಟ್ಟೆ ತಂದು, ಎರಡು ದಿನ ತಡವಾಗಿ ಇನ್ನೊಂದು ಹೊಲಿದುಕೊಟ್ಟಳು. ಕೋಟು ತಗೊಂಡರು. ಆರ್ಡರ್ ಮಾತ್ರ ಬರಲಿಲ್ಲ. ಒಂದು ವಾರ ಮಾತು ಬಿಟ್ಟಿದ್ದರು, ಆಮೇಲೆ ಎಲ್ಲ ಸರಿಹೋಯಿತು. ಈಗ ಅದು ನಗೆಯ ಮಾತು. ಬಟ್ಟೆಯ ಬಿಲ್ಲು ಇನ್ನೂ ಇದೆ. ಜಗಳ ಅಸಲಿ, ಆದರೆ ಅದರ ಜೀವ ಹೋಗಿದೆ. ಇದಕ್ಕಿಂತ ಸುರಕ್ಷಿತ ಮಾಲು ಎಲ್ಲಿ ಸಿಗುತ್ತೆ?

ಒಳಗುಟ್ಟು ಬಿಡಿಸಿ ಹೇಳಿದೆ. ತೀರ್ಪಿನ ಹಣ ಸೋತವನು ಕೊಡೋಲ್ಲ, ಕಂಪನಿ ಕೊಡುತ್ತೆ. ಬಂದದ್ದಕ್ಕೆ ಇಬ್ಬರಿಗೂ ಭತ್ಯೆ ಬೇರೆ. ಮನೆಯಲ್ಲಿ ಕೂತು ನೋಡೋರಿಗೆ ಇದು ಗೊತ್ತಿಲ್ಲ. ಬಂದದ್ದರಲ್ಲಿ ಇಬ್ಬರೂ ಸೇರಿ ಹೊಸ ಸ್ಟೀಮ್ ಇಸ್ತ್ರಿ ತಗೊಳ್ಳಿ ಅಂದೆ.

"ಅಂದ್ರೆ ಸೋತರೂ ನಂದೇನೂ ಹೋಗಲ್ವಾ ಅಕ್ಕ?" ಅಂದ ತಮ್ಮ.

"ಮಾನ ಒಂದು ಹೋಗುತ್ತೆ."

"ಇದ್ರೆ ತಾನೇ," ಅಂದಳು ತಂಗಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಮೂವರೂ ಬಿದ್ದು ಬಿದ್ದು ನಕ್ಕೆವು.

ಮಾರ್ಚ್ 6

ತಾಲೀಮು. ಗೆರೆ ಅಂಗಿ ಬೇಡ, ಕ್ಯಾಮೆರಾದಲ್ಲಿ ಹುಳ ಹರಿದಂತೆ ಕಾಣುತ್ತೆ. ಇಬ್ಬರೂ ಒಟ್ಟಿಗೆ ಮಾತಾಡಬೇಡಿ. ನಾನು ನಿಮ್ಮ ಅಕ್ಕ ಅನ್ನೋದು ಗೋಡೆಗೂ ಗೊತ್ತಾಗಬಾರದು. ತಂಗಿಗೆ — ಬಿಲ್ಲು ತೋರಿಸುವಾಗ ಕಣ್ಣು ಒರೆಸಿಕೋ. ತಮ್ಮನಿಗೆ — ತಲೆ ತಗ್ಗಿಸು, ಸಾಕು.

ಏನೋ ಒಂದು ಹೇಳೋದು ಉಳಿದಿದೆ. ಏನು ಅಂತ ಹೊಳೀತಿಲ್ಲ. ಎದ್ದು ಹಾಲ್‌ನಲ್ಲಿ ಓಡಾಡಿದೆ. ಮತ್ತೆ ಕೂತೆ. ಊಹೂಂ...

ಮಾರ್ಚ್ 7, ಶುಕ್ರವಾರ, ಬೆಳಗ್ಗೆ

ಗ್ಯಾಲರಿ ಭರ್ತಿ. ಎಂದಿನಂತೆ ಮೊದಲು ಮುಖಗಳ ಶೂಟಿಂಗ್. ಕೇಸು ಶುರುವಾಗೋ ಮುಂಚೆಯೇ ನಲವತ್ತು ಜನ ಬೆರಗಾಗ್ತಾರೆ, ನಗ್ತಾರೆ, ಅಯ್ಯೋ ಪಾಪ ಅಂತಾರೆ. ಬೇಕಾದ ಕಡೆ ಎಡಿಟರ್ ಅಂಟಿಸಿಕೊಳ್ತಾನೆ. ಜಡ್ಜಮ್ಮನ ಹಿಂದಿನ ಕಾನೂನು ಪುಸ್ತಕ ಬರೀ ರಟ್ಟಿನ ಬೆನ್ನು. ಕುರ್ಚಿ ತಗ್ಗು, ಕೆಳಗೆ ಎರಡು ದಿಂಬು. ಮುಂದಿರೋ ಮರದ ಸುತ್ತಿಗೆ ಕಂಪನಿಯದ್ದು. ಸರ್ವೀಸಿನಲ್ಲಿ ಒಂದು ದಿನವೂ ಅಂಥದ್ದನ್ನ ಮುಟ್ಟಿಲ್ಲವಂತೆ ಅವರು. ಇಲ್ಲೂ ಮುಟ್ಟೋಲ್ಲ.

ತಮ್ಮ ಒಂದು ರೂಮಲ್ಲಿ, ತಂಗಿ ಇನ್ನೊಂದರಲ್ಲಿ. ತಮ್ಮನ ಬಾಗಿಲ ಮುಂದೆ ಹಾದೆ. ನೀರು ಕುಡೀತಿದ್ದ. ಮತ್ತೆ ಹಾದೆ. ಇನ್ನೂ ಕುಡೀತಿದ್ದ.

ಅದೇ ದಿನ, 3 ಗಂಟೆ

ಉಳಿದದ್ದು ಏನು ಅಂತ ಈಗ ಹೊಳೆದಿದೆ.

ಪ್ರಮಾಣ. ಕೈ ಎತ್ತಿಸಿ "ಸತ್ಯವನ್ನೇ ಹೇಳುತ್ತೇನೆ" ಅನ್ನಿಸ್ತಾರಲ್ಲ, ಅದೂ ಸುತ್ತಿಗೆ ಇದ್ದ ಹಾಗೆ, ನೋಟಕ್ಕೆ. ಮುಂಚೆ ಸಹಿ ಹಾಕಿಸಿಕೊಂಡ ಒಪ್ಪಂದಕ್ಕಷ್ಟೇ ಬೆಲೆ. ದಿನಾ ನೋಡಿ ನೋಡಿ ನನಗದು ಕಣ್ಣಿಗೇ ಬೀಳೋಲ್ಲ. ತಮ್ಮನಿಗೆ ಹೇಳಿರಲಿಲ್ಲ. ಅವನು ಕೈ ಎತ್ತಿ ಒಂದೊಂದು ಪದವನ್ನೂ ತೂಗಿ ತೂಗಿ ಹೇಳಿದ. ನಂಬಿಬಿಟ್ಟಿದ್ದ.

ಎಲ್ಲ ಸಲೀಸಾಗಿ ನಡೀತಿತ್ತು. ತಂಗಿ ಬಿಲ್ಲು ತೋರಿಸಿದಳು, ಕಣ್ಣೂ ಒರೆಸಿದಳು. ಜಡ್ಜಮ್ಮ ಕಾಗದ ಮುಚ್ಚಿಟ್ಟರು. ಮುಚ್ಚಿಟ್ಟ ಮೇಲೆ ಸುಮ್ಮನೆ ಅನ್ನೋ ಹಾಗೆ ಕೇಳಿದರು — ಹೊಸ ಕೋಟು ಎರಡು ದಿನ ತಡವಾಯ್ತಲ್ಲ, ಹೋಟೆಲಿನವರು ಕೇಳ್ಕೊಂಡು ಬಂದಾಗ ಅಂಗಡೀಲಿ ಯಾರಿದ್ರಿ?

"ನಾನು," ಅಂದ ತಮ್ಮ.

"ತಡ ಯಾಕೆ ಅಂತ ಹೇಳಿದ್ರಿ?"

ನನ್ನ ಕಡೆ ನೋಡಿದ. ನಾನು ಕ್ಯಾಮೆರಾ ಹಿಂದೆ ನಿಂತು ಬೇಡ ಅಂತ ತಲೆ ಆಡಿಸಿದೆ. ಯಾವುದಕ್ಕೆ ಬೇಡ ಅಂತ ನನಗೇ ಗೊತ್ತಿರಲಿಲ್ಲ.

"ಹೊಲಿಗೆ ಕೆಟ್ಟಿದೆ, ಬಿಚ್ಚಿ ಹೊಲೀತಿದಾಳೆ ಅಂದೆ. ಸುಟ್ಟುಹಾಕಿದೆ ಅನ್ನೋಕೆ ನಾಚಿಕೆಯಾಯ್ತು."

ತಂಗಿ ಅವನ ಕಡೆ ತಿರುಗಿದಳು. ಕಲಿಸಿಕೊಟ್ಟ ಅಳು ಎಲ್ಲೋ ಇಂಗಿಹೋಗಿತ್ತು.

"ಆರ್ಡರ್ ಯಾಕೆ ಬರಲಿಲ್ಲ ಅಂತ ಎರಡು ವರ್ಷದಿಂದ ನನ್ನ ಹೊಲಿಗೇಲಿ ತಪ್ಪು ಹುಡುಕ್ತಿದ್ದೀನಿ ಅಣ್ಣ," ಅಂದಳು. ಅಷ್ಟೇ.

ಫ್ಲೋರಿನ ಹುಡುಗಿ ಗ್ಯಾಲರಿಯತ್ತ "ಆಶ್ಚರ್ಯ" ಬೋರ್ಡು ಎತ್ತಿ ಅಲ್ಲಾಡಿಸಿದಳು. ಕೂಲಿ ತಗೊಂಡವರು, ಆದರೂ ಸುಮ್ಮನೆ ಕೂತರು. ತಂಗಿ ಗೆದ್ದಳು. ಕೇಳಿದ್ದಷ್ಟೂ ಸಿಕ್ಕಿತು. ಗಡಿಬಿಡಿ ಬಂದು ನನ್ನ ಬೆನ್ನು ತಟ್ಟಿದ, ಇಂಥಾ ಕೇಸು ಎಲ್ಲಿ ಹಿಡಿದಿರಿ ಮೇಡಂ ಅಂತ.

ವಾಪಸ್ಸು ಬೇರೆ ಬೇರೆ ಕಾರಿನಲ್ಲಿ ಹೋದರು. ನಿಯಮ.

ಮಾರ್ಚ್ 9, ಭಾನುವಾರ

ತಂಗಿ ಚೆಕ್ಕಿನ ಕವರ್ ನನ್ನ ಮಡಿಲಿಗೆ ಎಸೆದಳು. ಒಡೆದೇ ಇಲ್ಲ.

"ಕಂಪನಿ ಯಾಕೆ ಕೊಡ್ಬೇಕು? ಕಂಪನಿ ನನ್ನ ಕೋಟು ಸುಡ್ತಾ? ಸುಟ್ಟೋನ ಜೇಬಿಂದ ಬರ್ಲಿ."

ಯಾರ ಜೇಬಾದರೇನು, ಅಂಗಡಿಗೆ ಬೇರೆ ಬೇರೆ ಬಣ್ಣದ ದುಡ್ಡು ಇರುತ್ತಾ ಅಂದೆ. ನಿಂಗೆ ಇರಲ್ಲ ಅಂದಳು.

ತಿರುಗಿ ಕೊಡೋಕೆ ಹೋದರೆ ಗಡಿಬಿಡಿ ಕಣ್ಣು ಕಣ್ಣು ಬಿಟ್ಟ. ಹಾಗೆ ವಾಪಸ್ಸು ತಗೊಳ್ಳೋ ಪದ್ಧತಿಯೇ ಇಲ್ಲವಂತೆ.

ಮಾರ್ಚ್ 22

ಪರದೆ ಹೋಗಿ ಪ್ಲೈವುಡ್ ಬಂದಿದೆ. ತಂಗಿಯೇ ನಿಂತು ಮೊಳೆ ಹೊಡೆಸಿದಳು. ಗಿರಾಕಿ ಹೊಲಿಸಿಕೊಂಡು, ಬೀದಿಗಿಳಿದು, ಮತ್ತೆ ಹತ್ತಿ ಇಸ್ತ್ರಿಗೆ ಕೊಡಬೇಕು. ಯಾರು ಕೊಡ್ತಾರೆ? ಎದುರು ಸಾಲಿನ ಇಸ್ತ್ರಿಯವನಿಗೆ ಒಳ್ಳೇ ಕಾಲ.

ತಮ್ಮ ಎರಡು ಸಲ ಆ ಕಡೆ ಹೋಗಿ ಮಾತಾಡಿಸಿದನಂತೆ. ಅವಳು ಮಷೀನು ತುಳಿದಳಂತೆ, ಜೋರಾಗಿ.

ನನಗೆ ಕೂತಲ್ಲಿ ಕೂರೋಕೆ ಆಗ್ತಿಲ್ಲ. ಈ ಬಾಗಿಲು, ಆ ಬಾಗಿಲು. ಎರಡೂ ಕಡೆ ಕಾಫಿ ಕೊಡ್ತಾರೆ. ಎರಡೂ ಕಡೆ ತಣ್ಣಗಿರುತ್ತೆ.

ಏಪ್ರಿಲ್ 3, ಗುರುವಾರ

ಮಧ್ಯಾಹ್ನ ಪ್ರಸಾರ. ತಂಗಿಯ ಜೊತೆ ಅಂಗಡಿಯಲ್ಲೇ ಕೂತು ನೋಡಿದೆ. ಪ್ಲೈವುಡ್ಡಿನ ಆಚೆ ತಮ್ಮನ ಟಿವಿಯಿಂದಲೂ ಅದೇ ಸದ್ದು. ಒಂದು ಕ್ಷಣ ತಡವಾಗಿ.

ತಮ್ಮ "ನಾಚಿಕೆಯಾಯ್ತು" ಅಂದ. ತಕ್ಷಣ ನಲವತ್ತು ಬಾಯಿ "ಹಾ!" ಅಂದವು. ಬೆಳಗಿನ ಬೆರಗು, ಅಂಟಿಸಿದ್ದಾರೆ. ಅಲ್ಲಿಂದ ನೇರ ತೀರ್ಪಿಗೆ.

"ನನ್ನ ಮಾತೆಲ್ಲಿ?" ಅಂದಳು ತಂಗಿ.

ಕತ್ತರಿಸಿದ್ದರು. ಗ್ಯಾಲರಿ ಸುಮ್ಮನಿದ್ದದ್ದು ಟಿವಿಗೆ ಆಗೋಲ್ಲ, ಆ ಮೌನ ಕತ್ತರಿಸುವಾಗ ಅವಳ ಮಾತೂ ಹೋಗಿದೆ. ನಾನು ಏನೋ ಟೆಕ್ನಿಕಲ್ ಸಮಜಾಯಿಷಿ ಹೇಳೋಕೆ ಹೋದೆ. ಅವಳು ಹೋಟೆಲಿಗೆ ಫೋನ್ ಮಾಡಿದಳು. ಮ್ಯಾನೇಜರ್ ನೋಡಿದ್ದನಂತೆ. ಪಾಪ ಅಂದನಂತೆ. ಯೂನಿಫಾರಂ ಬೇರೆಯವರಿಗೆ ಕೊಟ್ಟಾಗಿದೆ, ಬದಲಾಯಿಸೋಕಾಗಲ್ಲ ಅಂದನಂತೆ.

"ಪರವಾಗಿಲ್ಲ ಸರ್. ಹೊಲಿಗೆ ಚೆನ್ನಾಗಿತ್ತು ಅಂತ ತಿಳೀಲಿ ಅಂತ, ಅಷ್ಟೇ," ಅಂದು ಇಟ್ಟಳು. ಮತ್ತೆ ಕಾಜಾ ಹೊಲಿಯೋಕೆ ಕೂತಳು.

ಏಪ್ರಿಲ್ 21, ಸೋಮವಾರ

ಬೆಳಗ್ಗೆ ಗ್ಯಾಲರಿ ಕ್ಯೂನಲ್ಲಿ ತಮ್ಮ.

ಇಸ್ತ್ರಿಗೆ ಜನವೇ ಬರ್ತಿಲ್ಲ. ಬಂದವರೂ "ಬೆನ್ನು ಜೋಪಾನ ಕಣಪ್ಪಾ" ಅಂತ ಕಿಚಾಯಿಸ್ತಾರಂತೆ. ಶೋನಲ್ಲಿ ಮುಖ ತೋರಿಸಿದವರನ್ನ ಗ್ಯಾಲರಿಗೆ ಕೂರಿಸೋ ಹಾಗಿಲ್ಲ. ದಪ್ಪ ಕನ್ನಡಕ ಹಾಕಿಸಿ ಕೊನೇ ಸಾಲಿನ ಕಂಬದ ಹಿಂದೆ ಕೂರಿಸಿದೆ. ಬೇರೆಯವರ ಜಗಳಕ್ಕೆ ಇಡೀ ದಿನ ಬೆರಗಾದ.

ಸಂಜೆ ಕೂಲಿ ಕವರ್ ನನ್ನ ಕೈಗೇ ವಾಪಸ್ಸು ಇಟ್ಟ. "ಇದು ನಾನು ಕೂತು ದುಡಿದದ್ದು ಅಕ್ಕ. ಅವಳಿಗೆ ಕೊಡು."

ಕೊಟ್ಟೆ. ತಂಗಿ ಕವರ್ ತಿರುಗಿಸಿ ತಿರುಗಿಸಿ ನೋಡಿದಳು. ಎಷ್ಟು ದಿನ ಕೂರ್ತಾನಂತೆ ಅಂತ ಕೇಳಿದಳು. ಕೋಟಿನ ಬೆಲೆ ಮುಟ್ಟೋವರೆಗೆ ಅಂದೆ. ಗುಂಡಿ ಡಬ್ಬಿಯೊಳಗೆ ಇಟ್ಟಳು.

"ಆ ನೀಲಿ ಅಂಗೀಲೇ ಹೋಗಿದ್ನಾ?"

"ಹೂಂ."

"ಅದರ ಕಾಲರ್ ಸವೆದಿದೆ."

ಮೇ 12

ಕೋಟಿನ ಬೆಲೆ ಇವತ್ತಿಗೆ ಮುಟ್ಟಿತು. ಪ್ಲೈವುಡ್ ಇದ್ದಲ್ಲೇ ಇದೆ. ಯಾರಿಗೆ ಏನು ದಕ್ಕಿತು, ಒಮ್ಮೆ ಬರೆದಿಟ್ಟರೆ ಕೈಕಾಲಿನ ಚಡಪಡಿಕೆ ನಿಂತೀತು.

ಕಂಪನಿಗೆ — ಒಂದು ಎಪಿಸೋಡು, ಎರಡು ಮರುಪ್ರಸಾರ, ಯಾರೂ ನಗದು ಮಾಡಿಸದ ಒಂದು ಚೆಕ್ಕು.

ಗಡಿಬಿಡಿಗೆ — ಪ್ರಮೋಷನ್. ಈಗ ದೊಡ್ಡ ಗಡಿಬಿಡಿ.

ನನಗೆ — ಮುಂದಿನ ವರ್ಷದ ಗುತ್ತಿಗೆ. ಸಹಿ ಹಾಕಿದೆ. ಒಂದೇ ಅಂಗಡಿಗೆ ಎರಡು ಬಾಗಿಲು.

ತಂಗಿಗೆ — ಕೋಟಿನ ಬೆಲೆ, ಸುಟ್ಟವನ ಜೇಬಿಂದಲೇ. ಹೋಟೆಲ್ ಇಲ್ಲ. ಹೊಲಿದದ್ದನ್ನ ಬೆಳಕಿಗೆ ಹಿಡಿದು ತಪ್ಪು ಹುಡುಕೋದು ಬಿಟ್ಟಿದ್ದಾಳೆ.

ತಮ್ಮನಿಗೆ — ಬೆಳಗ್ಗೆ ಪ್ಲೈವುಡ್ಡಿನ ಮೇಲಿಂದ ಒಂದು ಕೋಟು ಈಚೆ ಇಳಿಯಿತಂತೆ. ಯಾರೋ ಗಿರಾಕಿಯದ್ದು, ಹೊಸದು, ಹ್ಯಾಂಗರ್ ಸಮೇತ. ಮಾತಿಲ್ಲ. ಇಸ್ತ್ರಿ ಕಾಯಿಸಿ ಇಟ್ಟು ಫೋನ್ ಮಾಡಿದ್ದಾನೆ, ಮುಟ್ಟೋಕೆ ಕೈ ಬರ್ತಿಲ್ಲ, ಬಂದು ಪಕ್ಕದಲ್ಲಿ ನಿಂತ್ಕೋ ಅಕ್ಕ ಅಂತ. ಹೋಗ್ತಿದ್ದೀನಿ, ಈ ಒಂದು ಸಾಲು ಬಂದಮೇಲೆ ಮುಗಿಸ್ತೀನಿ.