ಬೆಂಚಿನ ಮೇಲೆ ಅನುಸೂಯಾಬಾಯಿ

3 ಫೆಬ್ರವರಿ 2025, ಸೋಮವಾರ. ಸಂಜೆ, ಬಸ್ಸಿನಲ್ಲಿ

ಔರಾದದ ತಹಸೀಲ್ ಆಫೀಸಿನಿಂದ ಬೀದರಿಗೆ ವಾಪಸ್. ಕಿಟಕಿ ಸೀಟು ಸಿಕ್ಕಿತು, ಅದೇ ಪುಣ್ಯ. ಇನ್ನು ನಾಲ್ಕು ತಿಂಗಳು — ರಿಟೈರ್ಡ್.

ಅನುಸೂಯಾಬಾಯಿ ಇವತ್ತೂ ಬಂದಿದ್ದರು. ಪ್ರತಿ ಸೋಮವಾರ ನನ್ನ ಟೇಬಲ್ ಎದುರಿನ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುತ್ತಾರೆ. ಹಣೆ ತುಂಬ ವಿಭೂತಿ. ನಮ್ಮ ಲಿಸ್ಟಿನಲ್ಲಿ ಅವರು ಸತ್ತು ಎರಡು ವರ್ಷ. ಮಾಸಾಶನ ಬಂದ್.

"ಎಸ್ತರಬಾಯಿ, ಸತ್ತಾಕಿ ಇಷ್ಟ ದೂರ ಬಸ್ಸಿಗಿ ಬರ್ತಾಳೇನ್ರಿ?"

"ನಿಮ್ಮೂರು ಈಗ ಹೊಸ ತಾಲೂಕಿಗಿ ಹೋಗ್ಯಾದಲ್ರಿ ಅಮ್ಮಾ. ಕಮಲನಗರದಾಗ ಕೇಳ್ರಿ."

ಅಲ್ಲಿ ಕೇಳುವಂಥದ್ದೇನೂ ಇಲ್ಲ. ನನಗೆ ಗೊತ್ತು.

10 ಫೆಬ್ರವರಿ

ಭಾಲ್ಕಿಗೆ ಹೋಗಿ ಡಾಕ್ಟರ ಕಡೆಯಿಂದ 'ಜೀವಂತ ಇದ್ದಾರೆ' ಎಂದು ಬರೆಸಿಕೊಂಡು ಬಂದಿದ್ದಾರೆ. ಸಹಿ, ಸಿಕ್ಕಾ ಸಮೇತ. ಬೀದರಿನ ಸಾಹೇಬರ ಆರ್ಡರ್ ಬೇಕು ಎಂದೆ. ಬೀದರಿಗೆ ಕೋಟೆ, ಭಾಲ್ಕಿಗೆ ಪೇಟೆ, ಔರಾದಕ್ಕೆ ನಮ್ಮ ಫೈಲು. ಮುದುಕಿಯನ್ನು ಮೂರೂ ಊರು ಸುತ್ತಿಸುತ್ತಿದ್ದೇನೆ.

11 ಫೆಬ್ರವರಿ. ಬೆಳಿಗ್ಗೆ

ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಎರಡು ವರ್ಷದ ಹಿಂದೆ, ಹೊಸ ತಾಲೂಕಿಗೆ ಮಾಸಾಶನದ ಲಿಸ್ಟು ಕಳಿಸುವ ಮುಂಚೆ ಪರಿಶೀಲನೆಗೆ ಅನುಸೂಯಾಬಾಯಿಯ ಊರಿಗೆ ಹೋಗಿದ್ದೆ. ಮನೆ ಮುಂದೆ ಜನ, ಒಳಗೆ ಭಜನೆ. ಜಗಲಿಯ ಮೇಲೆ ಬಿಳಿ ಚಾದರ ಹೊದ್ದು ಯಾರೋ ಮಲಗಿದ್ದರು. ಹೆಸರು ಕೇಳಿದೆ. ಅನುಸೂಯಾಬಾಯಿ ಎಂದರು. 'ಮರಣ' ಎಂದು ಬರೆದು ಬಸ್ಸು ಹಿಡಿದೆ.

ಸತ್ತವರು ಅವರ ಅಕ್ಕ ಎಂದು ಆಮೇಲೆ ಗೊತ್ತಾಯಿತು. ಒಳಗೆ ಕೂಡಿಸಿದ್ದರು. ಲಿಂಗಾಯತರಲ್ಲಿ ಹೆಣ ಕೂಡಿಸುತ್ತಾರೆ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಗೊತ್ತಿಲ್ಲದ್ದೇನಲ್ಲ. ಆದರೆ ಚರ್ಚಿನಲ್ಲಿ ಮಲಗಿದ ಹೆಣ ನೋಡಿ ಬೆಳೆದ ಕಣ್ಣು ನನ್ನದು. ಜಗಲಿಯ ಮೇಲೆ ಅನುಸೂಯಾಬಾಯಿ ಜ್ವರ ಬಂದು ಮಲಗಿದ್ದರು. ಒಂದು ಹೆಜ್ಜೆ ಒಳಗಿಟ್ಟಿದ್ದರೆ...

ತಪ್ಪು ನನ್ನದೆಂದು ಅರ್ಧ ಹಾಳೆ ಬರೆದುಕೊಟ್ಟರೆ ಅವರು ಬದುಕುತ್ತಾರೆ. ನನಗೆ ನೋಟಿಸು. ಮೂವತ್ತೆರಡು ವರ್ಷದ ಸರ್ವಿಸು, ಕೊನೆಗೆ ಇದು. ಹೆದರಿಕೆ ಆಗುತ್ತದೆ.

24 ಫೆಬ್ರವರಿ

ಬಂದಿದ್ದರು. ಕೆಮ್ಮು ಜಾಸ್ತಿ.

"ರೊಕ್ಕ ಬರ್ಲಿ ಬಿಡ್ಲಿ, ಹೆಸರಷ್ಟು ತಿದ್ರಿ. ಸಾಯೂದಾದ್ರ ಬದುಕಿದಾಕಿ ಆಗಿ ಸಾಯ್ತೇನಿ."

ಮುಂದಿನ ಸೋಮವಾರ ಎಂದೆ.

3 ಮಾರ್ಚ್

ಬೆಂಚು ಖಾಲಿ. ನಿರಾಳ ಆಯಿತು. ಹೌದು, ನಿರಾಳವೇ. ಥೂ ನನ್ನ ಜನ್ಮಕ್ಕೆ.

10 ಮಾರ್ಚ್

ಅವರ ಮಗ ಅಮಿತಕುಮಾರ ಬಂದಿದ್ದ. ಮರಣ ಪತ್ರ ಬೇಕಂತೆ.

"ಅವ್ವ ಎರಡ ವರ್ಷದ ಹಿಂದನ ಸತ್ತಾಳಂತ ನಿಮ್ಮ ಲಿಸ್ಟನ್ಯಾಗ ಬರ್ತದ್ರಿ ಮೇಡಂ. ಹಂಗಾದ್ರ ಮೊನ್ನಿ ನಾ ಮಣ್ಣ ಕೊಟ್ಟದ್ದು ಯಾರಿಗ್ರಿ?"

ಅರ್ಜಿ ತೆಗೆದುಕೊಂಡೆ. ಪದ್ಧತಿ ಪ್ರಕಾರ ಕೂಡಿಸಿದರಂತೆ. ಚಕ್ಕಳಮಕ್ಕಳ ಹಾಕಿಸಿ, ಹಣೆ ತುಂಬ ವಿಭೂತಿ ಹಚ್ಚಿ. ಆ ಕೂತ ಭಂಗಿ ನನಗಿಂತ ಚೆನ್ನಾಗಿ ಬಲ್ಲವರು ಯಾರು? ದಿನವಿಡೀ ಬೆಂಚಿನ ಕಡೆ ನೋಡಲಿಲ್ಲ.

17 ಮಾರ್ಚ್, ಸೋಮವಾರ. 11 ಗಂಟೆ, ಆಫೀಸು

ಪ್ಯೂನ್ ಏಕನಾಥ ಟೇಬಲ್ಲುಗಳ ಮೇಲೆ ಕಾಗದದ ಗಂಟು ತಂದಿಟ್ಟ. ಬೆಂಚಿನ ಮೇಲೆ ಮಾತ್ರ ಇಡಲಿಲ್ಲ. ಯಾಕೆ ಎಂದೆ.

"ಸೋಮಾರ ಅದಲ್ರಿ ಮೇಡಂ. ಆ ಅಮ್ಮಾರ ಬಂದ್ರ ಕೂಡ್ಲಾಕ ಜಾಗಾ ಬೇಕಲ್ರಿ."

ಅವನಿಗೆ ಸುದ್ದಿ ಗೊತ್ತಿಲ್ಲ.

ಹಾಳೆ ತೆಗೆದುಕೊಂಡೆ. ನೋಟಿಸು ಬರಲಿ. 'ಅನುಸೂಯಾಬಾಯಿ ಗಂಡ ಮನ್ಮಥಪ್ಪ, ಇವರು ಜೀವಂತ ಇರುವಾಗಲೇ ನಾನು...' ಇಷ್ಟು ಬರೆದಿದ್ದೇನೆ, ಕೈ ಮುಂದೆ ಹೋಗುತ್ತಿಲ್ಲ. ಅದಕ್ಕೆ ಈ ಡೈರಿ ತೆಗೆದೆ.

ವಿಭೂತಿಯ ವಾಸನೆ. ಬೆಂಚು ಕಿರ್ ಎಂದಿತು. ತಲೆ ಎತ್ತುವುದಿಲ್ಲ. ಕೂಡ್ರಿ ಅಮ್ಮಾ, ಇನ್ನೊಂದೇ ಸಾಲು —