ಚೀಲದಲ್ಲಿ ಕಂಡದ್ದು

ಮಾರ್ಚ್ ೧೨, ಗುರುವಾರ, ರಾತ್ರಿ

ನಿದ್ದೆ ಹತ್ತುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಹಳದಿ ಟೋಪಿ ಕತ್ತಲಲ್ಲಿ ತೇಲಿ ಬರುತ್ತದೆ, ನನ್ನ ಮುಷ್ಟಿಯಷ್ಟೂ ಇಲ್ಲ. ಅದರ ಕೆಳಗೆ ಮುಖ ಇನ್ನೂ ಮೂಡಿಲ್ಲ.

ಸಂಜೆ ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಎಂದಿನಂತೆ ಸಾಲು. ಕಾವಲಿನವನಾದರೂ ನಾನು ಯಾರ ಚೀಲವನ್ನೂ ಮುಟ್ಟುವಂತಿಲ್ಲ; ಅವರೇ ತೆರೆದು ಹಿಡಿಯಬೇಕು, ನಾನು ನೋಡಬೇಕು. ಸೊಸೆಯೂ ಅದೇ ಸಾಲಿನಲ್ಲಿ. ಅಲ್ಲಿ ನಾನು ಅವಳಿಗೂ ಬರೀ ‘ಸಾರ್’. ಇವತ್ತು ಅವಳ ಊಟದ ಡಬ್ಬಿಯ ಪಕ್ಕದಿಂದ ಉಣ್ಣೆಯ ಟೋಪಿ ಇಣುಕಿತು.

"ಒಳಗಿನ ಮಾಲಾ?" ಎಂದೆ. ಕೇಳಲೇಬೇಕು.

"ನಾನೇ ಹೆಣೆದದ್ದು." ದನಿ ತಗ್ಗಿಸಿದಳು. "ಮಾವ, ಮನೇಲಿ ಈಗ್ಲೇ ಬೇಡ."

ಹಿಂದೆ ನಿಂತವಳು ರೇಗಿದಳು: "ಸೊಸೆ ಚೀಲದೊಳಗೇ ಸಂಸಾರ ಹೂಡಿದ್ರಾ ಸಾರ್? ಬಸ್ಸು ಹೋಗತ್ತೆ!"

ಹೋದ ಸಲ ಸುದ್ದಿ ತಿಳಿದ ದಿನವೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದೆವು. ಆಮೇಲೆ ಮಗು ಉಳಿಯಲಿಲ್ಲವೆಂದು ಒಬ್ಬೊಬ್ಬರಿಗೂ ಅವಳೇ ಹೇಳಬೇಕಾಯಿತು. ಚೀಲದಲ್ಲಿ ಕಂಡದ್ದನ್ನು ಗೇಟಿನಾಚೆ ಆಡಬಾರದೆಂಬುದು ನಮ್ಮ ಕೆಲಸದ ಕಟ್ಟಳೆ.

ಊಟದ ಹೊತ್ತಿಗೆ ನನ್ನವಳು, "ಏನ್ರೀ, ಒಬ್ಬರೇ ನಗ್ತಿದೀರಾ? ಗೇಟಲ್ಲಿ ನಿಧಿ ಸಿಕ್ತಾ?" ಅಂದಳು.

"ಸಿಕ್ಕಿದ್ರೂ ಅಲ್ಲೇ ಬಿಟ್ಟು ಬರ್ಬೇಕು ಕಣೇ."

ಸೊಸೆ ತಲೆ ಎತ್ತದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ಈಗ ಬಚ್ಚಲಲ್ಲಿ ಅವಳು ಬಕೆಟ್ಟಿಗೆ ನೀರು ಹಿಡಿಯುತ್ತಿರುವ ಸದ್ದು. ಹೊರಬೇಡಮ್ಮ ಎನ್ನೋಣವೆಂದರೆ, ಮನೆಯಲ್ಲಿ ನನಗಿನ್ನೂ ಏನೂ ಗೊತ್ತಿಲ್ಲವಲ್ಲ. ಕಾಲು ತೊಳೆಯುವ ನೆಪದಲ್ಲಿ ಎದ್ದು ಹೋದರೆ, ಬಾಗಿಲಲ್ಲೇ ಆ ಬಕೆಟ್ಟನ್ನು ಅವಳ ಕೈಯಿಂದ ಇಸಿದುಕೊಳ್ಳಬಹುದು. ನಲ್ಲಿಯ ಸದ್ದು ನಿಂತಿತು; ಏಳುತ್ತೇನೆ.