ತುಳಸಿಕಟ್ಟೆಯ ಕೆಳಗಿನ ಕೊಳವೆ

ಬಿದರೆಗುಡ್ಡ ಗೇಟ್,
ಕ್ರಿ.ಶ. 2131, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ

ಪೆಟ್ರೋಲ್ ಬಂಕಿನ ಚೌಡಪ್ಪನವರಿಗೆ, ನಿಮ್ಮ ಮರಿಮಗನ ಮಗಳು ಮಲ್ಲಾಜಿ ಬರೆಯುವುದು.

ನೀವು ಇನ್ನೂ ಬದುಕಿರುವ ಕಾಲಕ್ಕೆ ಈ ಕಾಗದ ಹೇಗೆ ತಲುಪುತ್ತದೋ ನನಗೂ ಗೊತ್ತಿಲ್ಲ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಮಿಕ್ಕ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ, ಕೊಡುವವಳೂ ಅಲ್ಲ.

ಪೆಟ್ರೋಲಿನ ಗಾಡಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಪೆಟ್ರೋಲಿನ ವಾಸನೆ ಮಾತ್ರ ಹುಟ್ಟಿದಾಗಿನಿಂದ ಗೊತ್ತು. ಇಲ್ಲಿ ಬೆಳಗಾದರೆ ಮೊದಲ ಕೆಲಸ ಕೊಳವೆಗಣ್ಣು ನೋಡುವುದು. ಅಂತರ್ಜಲ ಮುಟ್ಟುವವರೆಗೆ ನೆಲಕ್ಕೆ ಇಳಿಸಿದ ಸಣ್ಣ ಕೊಳವೆಗೆ ನಾವಿಟ್ಟ ಹೆಸರು ಅದು. ದಾರ ಕಟ್ಟಿದ ಶೀಶೆ ಇಳಿಸಿ, ನೀರೆತ್ತಿ, ಎಣ್ಣೆಯ ಪೊರೆ ಇದೆಯೇ ಎಂದು ಬೆಳಕಿಗೆ ಹಿಡಿಯುತ್ತೇವೆ. ಆಮೇಲೆ ಉಸಿರುಗುಪ್ಪೆಯ ಪಾಳಿ. ಎಣ್ಣೆ ಕುಡಿದ ಮಣ್ಣನ್ನು ಅಗೆದು ರಾಶಿ ಹಾಕಿ, ಸಗಣಿ ಗಂಜಲ ಕಲಸಿ, ತೂತಿನ ಪೈಪು ಹಾಯಿಸಿ ಗಾಳಿ ಊದಿದರೆ ಅದರೊಳಗಿನ ಸೂಕ್ಷ್ಮಜೀವಿಗಳು ಎಣ್ಣೆಯನ್ನು ನಿಧಾನಕ್ಕೆ ತಿಂದು ಮುಗಿಸುತ್ತವೆ. ಮನೆಗೊಬ್ಬರು ಸರದಿಯಲ್ಲಿ ಗುದ್ದಲಿ ಹಿಡಿದು ಅದನ್ನು ಮಗುಚಬೇಕು, ಮದುವೆಯ ಮರುದಿನ ಮದುಮಗಳಿಗೂ ರಜೆ ಇಲ್ಲ. ಒಂದು ಗುಪ್ಪೆ ವಾಸಿಯಾಗುವಷ್ಟರಲ್ಲಿ ಪಕ್ಕದ ನೆಲ ಕೆಟ್ಟಿರುತ್ತಿತ್ತು. ಎಲ್ಲಿಂದ ಬರುತ್ತಿದೆ ಈ ದರಿದ್ರ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು.

ಕೊಳವೆಗಣ್ಣುಗಳೆಲ್ಲ ನಿಮ್ಮ ಹಳೆಯ ಬಂಕಿನ ಅಂಗಳವನ್ನೇ ತೋರಿಸಿದವು. ಅಲ್ಲಿ ನೀವು ಕಟ್ಟಿಸಿದ ದೊಡ್ಡ ತುಳಸಿಕಟ್ಟೆ. ಅದನ್ನು ಒಡೆಯುವ ಎದೆ ಯಾರಿಗಿದೆ? ಅದೊಂದನ್ನು ಬಿಟ್ಟು ಸುತ್ತಲೂ ಅಗೆದೆವು. ಗಿಡ ಮತ್ತೆ ಮತ್ತೆ ಒಣಗುತ್ತಿತ್ತು. ಏನೋ ದೋಷವೆಂದು ಇನ್ನೊಂದು ನೆಟ್ಟು, ಇನ್ನಷ್ಟು ನೀರು ಸುರಿದೆವು. ಆ ನೀರೇ ಕೆಳಗಿನ ವಿಷವನ್ನು ಬಾವಿಯತ್ತ ತಳ್ಳುತ್ತಿತ್ತು. ಆ ಕಟ್ಟೆಯ ಕತೆಯನ್ನು ನಮ್ಮ ಮನೆಯಲ್ಲಿ ನಿಮ್ಮ ಭಕ್ತಿಗೆ ಸಾಕ್ಷಿಯಾಗಿ ಹೇಳುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಗಳು ಚಪ್ಪಲಿ ಬಿಟ್ಟು, ಕೈಮುಗಿದು, ನೀವು ಕೊಟ್ಟ ಕಾಫಿ ಕುಡಿದು ಹೋದರಂತೆ.

ಆ ಗಿಡಕ್ಕೆ ದಿನವೂ ನೀರು ಹಾಕುತ್ತಿದ್ದವಳು ನನ್ನ ಮಗಳು ಹೊಂಬಾಳೆ. ಪಕ್ಕದ ಬಾವಿಯ ನೀರನ್ನೇ ಕುಡಿದು ಬೆಳೆದಳು. ಆ ಬಾವಿಯಲ್ಲಿ ಪೊರೆ ಕಾಣಿಸಿರಲಿಲ್ಲ. ನೀರಲ್ಲಿ ಕರಗಿದ್ದು ಕಣ್ಣಿಗೆ ಬೀಳುವುದಿಲ್ಲ. ಅವಳ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತಿತು. ಮುಟ್ಟಿದಲ್ಲೆಲ್ಲ ನೀಲಿಗಟ್ಟುತ್ತಿತ್ತು. ನೀರಿನ ವಿಷ ಎಂದರು ವೈದ್ಯರು. ಅವಳು ಹಾಸಿಗೆಯಿಂದಲೇ ನನ್ನ ಕೈ ಹಿಡಿದುಕೊಂಡಳು.

"ಅವ್ವಾ, ಕಟ್ಟೆ ಒಡಿ. ಪಾಪ ಬಂದ್ರೆ ನನ್ ತಲೆ ಮೇಲಿರ್ಲಿ."

ನಾನೇ ಹಾರೆ ಹಾಕಿದೆ. ಬೇರಿನಡಿ ಸಿಮೆಂಟು, ಸಿಮೆಂಟಿನಡಿ ಕಬ್ಬಿಣದ ಮುಚ್ಚಳ, ಅದರಡಿ ನಿಮ್ಮ ಕಾಲದ್ದೇ ಒಂದು ಕೊಳವೆಗಣ್ಣು. ಪಕ್ಕದಲ್ಲಿ, ಕಟ್ಟೆಯ ಅಡಿಯಲ್ಲೇ, ತುಕ್ಕು ತಿಂದ ಪೆಟ್ರೋಲ್ ಟ್ಯಾಂಕು. ಅಂದರೆ ಆ ಕೊಳವೆಯಲ್ಲಿ ಎಣ್ಣೆ ಕಂಡು, ಟ್ಯಾಂಕು ಸೋರುತ್ತಿರುವುದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಕೊಳವೆಗೆ ಸಿಮೆಂಟು ಜಡಿದು, ಯಾರೂ ಕೈ ಹಾಕದಿರಲೆಂದು ಮೇಲೆ ದೇವರನ್ನು ಕೂರಿಸಿದಿರಿ. ಮನೆಗೆ ಬಂದು ಹೇಳುವಷ್ಟರಲ್ಲಿ ಹೊಂಬಾಳೆ ಇರಲಿಲ್ಲ.

ಮರ್ಯಾದೆ ಇಲ್ಲಿಗೆ ಸಾಕು, ಚೌಡಪ್ಪ. ಟ್ಯಾಂಕು ತೆಗೆಸಿದ್ದೇವೆ. ಬಾವಿ ಮುಂದೆ ಎಂದೋ ಒಂದು ದಿನ ಸರಿಹೋದೀತು, ನನ್ನ ಮಗಳು ಬರುವುದಿಲ್ಲ. ಸತ್ತವನ ಮೇಲೆ ಏನು ಹಗೆ, ಬಿಟ್ಟುಬಿಡು ಎನ್ನುತ್ತಾರೆ ಊರವರು. ಬಿಡುವುದಿಲ್ಲ. ನೀನು ಸತ್ತ ಮೇಲೆ ನಿನಗೇನು ಕಾದಿದೆ ಎಂದು ಈಗಲೇ ತಿಳಿದುಕೋ. ನಾಳೆ ಹಿರಿಯರಿಗೆ ಎಡೆ ಇಡುವ ದಿನ. ಹೊಂಬಾಳೆಯ ಎಲೆಗೆ ಹೋಳಿಗೆ ಬಡಿಸಿ, ಪಕ್ಕದಲ್ಲಿ ಮಳೆನೀರು ಇಡುತ್ತೇನೆ. ನಿನಗೂ ಎಲೆ ಹಾಕಿ, ಹೆಸರು ಹಿಡಿದು ಕರೆಯುತ್ತೇನೆ. ಮನೆಯವರು ಕರೆದರೆ ನೀನು ಬರಲೇಬೇಕು. ನಿನಗೆ ಅನ್ನವಿಲ್ಲ. ಒಂದು ಲೋಟ ನೀರು, ನಿನ್ನ ಕೊಳವೆಯಿಂದ ಎತ್ತಿದ್ದು. ನನ್ನ ಉಸಿರಿರುವವರೆಗೂ ವರ್ಷವರ್ಷವೂ ಅದೇ. ನನ್ನ ಮಗಳ ಎದುರಿಗೆ ಕೂತು ಕುಡಿ.